ಎರಡು ಗೋಡೆ ದಾಟಿದ ವೈಫೈ

ನಮ್ಮ ಮನೆಯ ವೈಫೈ ಎಲ್ಲಿಯವರೆಗೆ ಹೋಗುತ್ತದೆ ಎಂದು ಒಂದು ಭಾನುವಾರ ನಾನು ಮೊಬೈಲ್ ಹಿಡಿದು ಅಳೆದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸಂಜಯನಗರದಲ್ಲಿ ನಮ್ಮದು ಹಳೆಯ ಮನೆ. ಸಂಪರ್ಕ ಕೊಡಲು ಬಂದವನು, "ಎರಡು ಗೋಡೆ ದಾಟತ್ತೆ ಸಾರ್, ಆಮೇಲೆ ಡೌಟು" ಎಂದಿದ್ದ. ಮನೆಯ ಮುಂದೆ ಅದು ಬೀದಿಯ ಲೈಟು ಕಂಬದವರೆಗೂ ಹೋಗಿತ್ತು. ಹಿಂದೆ ಅಡುಗೆಮನೆ, ಬಚ್ಚಲು ಎರಡನ್ನೂ ದಾಟಿ ನಮ್ಮ ಹಿತ್ತಿಲ ಬಾಡಿಗೆ ಕೋಣೆಯ ಕಿಟಕಿಯ ಹತ್ತಿರ ಸಿಗ್ನಲ್ಲಿನ ಎರಡು ಗೆರೆ ತೋರಿಸಿತು. ಆ ಕೋಣೆಯಲ್ಲಿ ವಿಜಯಪುರದ ಕಡೆಯ ಹುಡುಗಿ ಇದ್ದಳು, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಸುತ್ತ ಮನೆಗಳು ಒತ್ತೊತ್ತಾಗಿದ್ದರಿಂದ ಅವಳಿಗೆ ಅಲ್ಲಿ ಮೊಬೈಲ್ ನೆಟ್ ಸಿಗುತ್ತಿರಲಿಲ್ಲ. ಪಾಸ್‌ವರ್ಡ್ ಕೊಟ್ಟವಳು ನನ್ನ ಹೆಂಡತಿ.

"ಕರಿಬೇವು ಕೇಳಿದ್ರೆ ಕೊಡಲ್ವಾ? ಹಂಗೇ ಕೊಟ್ಟೆ ಕಣ್ರೀ" ಎಂದಳು.

ಕೊಟ್ಟರೆ ನನಗೇನೂ ಕಡಿಮೆಯಾಗಿರಲಿಲ್ಲ. ಆದರೂ ನನ್ನ ಮನೆಯದು ಸೋರಿ ಹೋಗುತ್ತಿದೆ ಎಂದು ಹೊಟ್ಟೆ ಉರಿಯಿತು. ಪಾಸ್‌ವರ್ಡ್ ಬದಲಿಸಿದರೆ ಅವಳು ಬಂದು ಕೇಳುತ್ತಾಳೆ, ಎದುರಿಗೆ ಇಲ್ಲ ಎನ್ನಲು ದಾಕ್ಷಿಣ್ಯ. ಅದಕ್ಕೇ ಹಬ್ಬಕ್ಕೆ ಹುಳಿ ಮಾಡುವ ದೊಡ್ಡ ಸ್ಟೀಲ್ ಪಾತ್ರೆಯನ್ನು ಅಟ್ಟದಿಂದ ಇಳಿಸಿ, ನಾವು ಬಳಸದ ಹೊತ್ತಿನಲ್ಲಿ ರೂಟರಿನ ಮೇಲೆ ಕವುಚಿ ಹಾಕತೊಡಗಿದೆ. ಧೂಳು ಬೀಳುತ್ತದೆ ಎಂದು ಹೆಂಡತಿಗೆ ಹೇಳಿದೆ. ಹಿಂದೆ ಅವಳ ಕಿಟಕಿಯ ಹತ್ತಿರ ಹೋಗಿ ನೋಡಿದರೆ ಒಂದು ಗೆರೆಯೂ ಇರಲಿಲ್ಲ. ಖುಷಿಯಾಯಿತು! ತಾನೂ ತಿನ್ನ, ಪರರಿಗೂ ಕೊಡ ಎನ್ನುತ್ತಾರಲ್ಲ, ಆ ಜಾತಿಯ ಖುಷಿ. ಥೂ.

ಒಂದು ಬೆಳಿಗ್ಗೆ ಹೆಂಡತಿ ತರಕಾರಿಗೆ ಹೋಗಿದ್ದಳು. ಪಾತ್ರೆ ಕವುಚಿ ನಾನು ಪೇಪರ್ ಓದುತ್ತಿದ್ದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು ಆ ಹುಡುಗಿ ಬಾಗಿಲಿಗೆ ಓಡಿ ಬಂದಳು.

"ಅಂಕಲ್, ವೈಫೈ ಹೋಗೇತೇನ್ರಿ? ಪರ್ಮನೆಂಟ್ ಪೋಸ್ಟಿಗೆ ಇಂಟರ್‌ವ್ಯೂ ನಡದಿತ್ರಿ, ನಡುವ ಕಟ್ ಆತು!"

ಪಾತ್ರೆ ಬಾಗಿಲ ಹಿಂದಿನ ಶೆಲ್ಫಿನಲ್ಲಿತ್ತು, ಅವಳಿಗೆ ಕಾಣುತ್ತಿರಲಿಲ್ಲ. ಎದ್ದು ಎತ್ತಿದ್ದರೆ ಮುಗಿಯುತ್ತಿತ್ತು. ಆದರೆ ಎತ್ತಿದರೆ ಸದ್ದಾಗುತ್ತದೆ, ಅವಳು ಇಣುಕುತ್ತಾಳೆ.

"ನಮಗೂ ಬರ್ತಿಲ್ಲಮ್ಮ. ಲೈನೇ ಹೋಗಿರ್ಬೇಕು" ಎಂದೆ.

ಅವಳು ಮೊಬೈಲನ್ನು ತಲೆಯ ಮೇಲಕ್ಕೆ ಹಿಡಿದು ಬೀದಿಗೆ ಓಡಿದಳು. ನಾನು ಪಾತ್ರೆ ಎತ್ತಿದೆ. ನನ್ನ ಮೊಬೈಲಿನಲ್ಲಿ ಗೆರೆಗಳೆಲ್ಲ ತುಂಬಿದವು. ಕಿಟಕಿಯಿಂದ ನೋಡಿದರೆ ಅವಳು ಕಂಬದಾಚೆ, ತಿರುವಿನ ಹತ್ತಿರ ನಿಂತು "ಹಲೋ, ಸರ್, ಕೇಳಸ್ತೈತೇನ್ರಿ?" ಎಂದು ಕೂಗುತ್ತಿದ್ದಳು. ಬಂತು, ವಾಪಸ್ ಬಾ ಎಂದು ಒಮ್ಮೆ ಕರೆಯಬಹುದಿತ್ತು. ಇಷ್ಟು ಬೇಗ ಹೇಗೆ ಬಂತು ಎಂದು ಕೇಳಿಬಿಟ್ಟರೆ? ಕರೆಯಲಿಲ್ಲ. ಪರದೆ ಎಳೆದುಕೊಂಡೆ.

ಸ್ವಲ್ಪ ಹೊತ್ತಿಗೆ ಅವಳು ಗೇಟು ತೆರೆದು ಬಂದಳು. ಕಣ್ಣಿನ ಕಾಡಿಗೆ ಕದಡಿತ್ತು.

"ಮುಂದಿನವ್ರನ್ನ ಕರದ್ರಂತ್ರಿ" ಎಂದಳು.

ನನ್ನ ಮುಖ ಹೇಗಿತ್ತೋ ಏನೋ, ಅವಳೇ ನನಗೆ ಸಮಾಧಾನ ಹೇಳಿದಳು. "ಹೋಗ್ಲಿ ಬಿಡ್ರಿ ಅಂಕಲ್. ಅದ್ರಾಗ ನಿಮ್ದೇನ್ ತಪ್ಪೈತ್ರಿ?"

"ಹೂಂ ಕಣಮ್ಮ, ಏನ್ ಮಾಡೋಕಾಗತ್ತೆ" ಎಂದೆ.