ಚಿಕ್ಕಮ್ಮನ ತವರುಮನೆಯ ವಿಳಾಸ

ವಿಜಯನಗರದ ಯಾವ ದರ್ಶಿನಿಯಲ್ಲಾದರೂ ನಿಂತು ಕಾಫಿ ಕುಡಿಯಿರಿ, ಪಕ್ಕದಲ್ಲಿ ಇಡ್ಲಿ ಮುರಿಯುತ್ತಿರುವ ಅಪರಿಚಿತರು ಎರಡನೆಯ ಗುಟುಕಿಗೇ ನಿಮ್ಮದು ಯಾವೂರೆಂದು ಕೇಳುತ್ತಾರೆ. ಬೆಂಗಳೂರೇ ಎಂದರೆ ಒಪ್ಪುವುದಿಲ್ಲ. ಅದು ಸರಿ ಸಾರ್, ಮೂಲ ಯಾವುದು ಎಂದು ಪಟ್ಟು ಹಿಡಿಯುತ್ತಾರೆ. ಈ ವಯಸ್ಸಿನಲ್ಲಿ ನನಗೆ ಖಚಿತವಾಗಿ ಗೊತ್ತಿರುವ ಮೂಲವೆಂದರೆ ವೈದ್ಯರು ಪತ್ತೆಹಚ್ಚಿದ್ದೊಂದೇ, ಅದನ್ನು ಇಡ್ಲಿಯ ಮುಂದೆ ಪ್ರಸ್ತಾಪಿಸುವುದು ಸಭ್ಯತೆಯಲ್ಲ.

ಸಂಗತಿಯೇನೆಂದರೆ, ತಾಯಿಯ ಕಡೆಯಿಂದ ನಮ್ಮದು ಅಪ್ಪಟ ಬಾಡಿಗೆಮನೆಗಳ ವಂಶ. ತಾತ ಕೆಂಗೇರಿಯಿಂದ ಹೊರಟು, ರಾಜಾಜಿನಗರದಲ್ಲಿ ಸಂಸಾರ ನಡೆಸಿ, ಕೊನೆಗೆ ವಿಜಯನಗರದ ನಮ್ಮ ಮನೆಯ ನಡುಕೋಣೆಯಲ್ಲಿ ಕಣ್ಣು ಮುಚ್ಚಿದವರು. ನಮ್ಮ ಬೇರುಗಳೆಲ್ಲ ಹೂಕುಂಡದಲ್ಲಿ ಬೆಳೆದಂಥವು. ಮಾಲೀಕರು ಬಂದು ಗಂಟಲು ಸರಿಪಡಿಸಿಕೊಂಡರೆ ಸಾಕು, ಕುಂಡಸಮೇತ ಎತ್ತಿಕೊಂಡು ಹೊರಡಬಹುದಿತ್ತು. ಆದರೂ ನಿವೃತ್ತಿಯ ನಂತರದ ನಿರುದ್ಯೋಗವು ಮನುಷ್ಯನನ್ನು ಸಂಶೋಧಕನನ್ನಾಗಿ ಮಾಡುತ್ತದೆ. ತಾತ ಬಾಳಿದ ಮನೆಗಳನ್ನೆಲ್ಲ ಕಣ್ಣಾರೆ ನೋಡಿಬರುತ್ತೇನೆಂದು ನಾನು ಘೋಷಿಸಿದೆ. ಹೆಂಡತಿ, ಹಾಗೇ ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ ಎಂದಳು.

ಆ ಘೋಷಣೆಯನ್ನು ಗಂಭೀರವಾಗಿ ಪರಿಗಣಿಸಿದ್ದು ಚಂದ್ರಾ ಲೇಔಟಿನಲ್ಲಿರುವ ನನ್ನ ಚಿಕ್ಕಮ್ಮ ಒಬ್ಬರೇ. ಅಮ್ಮನ ತಂಗಿ, ಎಂಬತ್ತರ ಹೊಸ್ತಿಲಲ್ಲಿದ್ದಾರೆ. ರಾಜಾಜಿನಗರದ ಮನೆಗೆ ತಾವೂ ಬರುವುದಾಗಿ ಹೇಳಿದರು. ಮದುವೆಯಾಗಿ ಹೊರಟ ದಿನ ಆ ಮನೆಯ ಹೊಸ್ತಿಲ ಮೇಲೆ ನಿಂತು ಅಜ್ಜಿ ಅವರ ಸೆರಗಿಗೆ ಮಡಿಲಕ್ಕಿ ಹಾಕಿದ್ದರಂತೆ. ಮೂರೇ ತಿಂಗಳಲ್ಲಿ ಅಜ್ಜಿ ತೀರಿಕೊಂಡರು. ಗಂಡುಮಕ್ಕಳಿಲ್ಲದ ತಾತ ಮನೆ ಖಾಲಿ ಮಾಡಿ ಹಿರಿಮಗಳಾದ ನನ್ನ ಅಮ್ಮನ ಬಳಿಗೆ ಬಂದುಬಿಟ್ಟರು. ಚಿಕ್ಕಮ್ಮನಿಗೆ ಅಂದಿನಿಂದ ತವರುಮನೆಯಿಲ್ಲ. ಅಮ್ಮ ಹಬ್ಬಕ್ಕೆ ಕರೆದು ರವಿಕೆಕಣ ಕೊಡುತ್ತಿದ್ದಳು, ಅವರು ಇಸಿದುಕೊಳ್ಳುತ್ತಲೂ ಇದ್ದರು. ಆದರೆ ಅಕ್ಕನ ಮನೆ ಅಕ್ಕನ ಮನೆಯೇ. ಮಗಳಾಗಿ ಒಳಗೆ ಹೋಗಬಹುದಾದ ಬಾಗಿಲೊಂದನ್ನು ಅವರು ಅರವತ್ತು ವರ್ಷ ಬಯಸಿದ್ದರು, ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಇಷ್ಟು ಹತ್ತಿರವಿದ್ದೂ ಯಾಕೆ ಹೋಗಲಿಲ್ಲ ಎಂದದ್ದಕ್ಕೆ, ಬೇರೆಯವರ ಬಾಗಿಲು ತಟ್ಟಿ ಇದು ನಮ್ಮನೆ ಅಂತ ಹೇಗೋ ಹೇಳೋದು ಎಂದರು.

ನಂಬರು ಅವರಿಗೆ ಕಂಠಪಾಠವಾಗಿತ್ತು, ನಲವತ್ತೇಳು. ನಾನೋ ಜೀವಮಾನವಿಡೀ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವನು. ಆಟೋದವರಿಗೆ ದಾರಿ ಹೇಳುತ್ತ ಚಿಕ್ಕಮ್ಮನನ್ನು ನೇರವಾಗಿ ನಲವತ್ತೇಳರ ಮುಂದೆ ಇಳಿಸಿದೆ. ಒಂದೇ ಅಚ್ಚಿನಲ್ಲಿ ಸಾಲಾಗಿ ಕಟ್ಟಿದ್ದ ಹಳೆಯ ಮನೆಗಳಲ್ಲಿ ಅಳಿಯದೆ ಉಳಿದ ನಾಲ್ಕೈದರಲ್ಲಿ ಅದೂ ಒಂದು. ಬಾಗಿಲು ತೆಗೆದವರು ಹಾವೇರಿ ಕಡೆಯ ಗಿರಿಜಮ್ಮ, ಐವತ್ತರ ಆಸುಪಾಸಿನವರು, ಹಣೆಯಲ್ಲಿ ವಿಭೂತಿ. ನಾನು ತಡವರಿಸುತ್ತ ಬಂದ ಕಾರಣ ವಿವರಿಸುವಷ್ಟರಲ್ಲಿ ಚಿಕ್ಕಮ್ಮ ಒಳಗೆ ಹೋಗಿ ಕೆಂಪು ನೆಲವನ್ನೂ ಗೋಡೆಯ ಗೂಡನ್ನೂ ಸವರುತ್ತಿದ್ದರು. ಅಮ್ಮ ದೀಪ ಇಡುತ್ತಿದ್ದದ್ದು ಇಲ್ಲೇ ಎಂದರು. ಗಿರಿಜಮ್ಮ ಕೇಳುತ್ತ ಕೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಡುವಾಗ ತಡೆದು, ಮನೆಮಗಳನ್ನು ಬರಿಗೈಲಿ ಕಳಿಸುವ ಪದ್ಧತಿ ತಮ್ಮಲ್ಲಿಲ್ಲವೆಂದು ಮಣೆ ಹಾಕಿ ಕೂರಿಸಿ, ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ, ಹಸಿರು ರವಿಕೆಕಣ ಎಲ್ಲ ಹಾಕಿ ಉಡಿ ತುಂಬಿದರು. ನಮ್ಮ ಮಡಿಲಕ್ಕಿಯೇ ಅವರಲ್ಲಿ ಉಡಿ. ಚಿಕ್ಕಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮಗುವಿನ ಹಾಗೆ ಅತ್ತರು.

ಅವರನ್ನು ಆಟೋ ಹತ್ತಿಸಿ ಗೇಟು ಹಾಕಲು ತಿರುಗಿದಾಗ, ಕಂಬದ ಬುಡದಲ್ಲಿ ಬಳ್ಳಿಯ ಮರೆಯಲ್ಲಿದ್ದ ತುಕ್ಕುಹಿಡಿದ ತಗಡೊಂದು ನನ್ನ ಕಣ್ಣಿಗೆ ಬಿತ್ತು: ಹಳೇ ನಂಬರ್ ೩೧.

ಆ ಬೀದಿಯ ನಂಬರುಗಳೆಲ್ಲ ಯಾವಾಗಲೋ ಬದಲಾಗಿದ್ದವು. ಚಿಕ್ಕಮ್ಮ ಹೇಳಿದ್ದು ಹಳೆಯ ನಲವತ್ತೇಳು, ನಾನು ಕರೆದೊಯ್ದದ್ದು ಹೊಸದಕ್ಕೆ. ಹಳೇ ನಂಬರು ಯಾವುದು, ಹೊಸದು ಯಾವುದೆಂದು ಅಂಚೆ ಕಚೇರಿಯಲ್ಲಿ ಸಾವಿರಾರು ಜನರನ್ನು ಗದರಿದ ಮಹಾನುಭಾವನ ಸಾಧನೆಯಿದು. ಮರುದಿನ ಒಬ್ಬನೇ ಹೋಗಿ ಇಸ್ತ್ರಿ ಅಂಗಡಿಯ ಹಿರಿಯರನ್ನು ವಿಚಾರಿಸಿದೆ. ತಾತನ ಮನೆಯಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ನಿಂತಿತ್ತು, ಹೊಸ್ತಿಲಿರಬೇಕಾದಲ್ಲಿ ಸ್ಕೂಟರುಗಳು ನಿಂತಿದ್ದವು.

ಸುಮ್ಮನಿದ್ದುಬಿಡೋಣವೆಂದುಕೊಂಡೆ. ಆದರೆ ಚಿಕ್ಕಮ್ಮ ಬಂಧುಗಳಿಗೆಲ್ಲ ಫೋನು ಮಾಡಿ ತವರಿಗೆ ಹೋಗಿ ಬಂದೆ ಎಂದು ಹೇಳತೊಡಗಿದ್ದರು. ಮಡಿಲಿನ ಅಕ್ಕಿಯಲ್ಲಿ ಪಾಯಸ ಮಾಡಿ ಚಿಕ್ಕಪ್ಪನಿಗೆ ಬಡಿಸಿ ನನಗೂ ಒಂದು ಡಬ್ಬಿ ಕಳಿಸಿದರು. ಅದರ ಮುಚ್ಚಳ ತೆಗೆಯಲು ನನಗಾಗಲಿಲ್ಲ. ಭಾನುವಾರ ಹೋಗಿ, ಅವರು ಅವರೆಕಾಳು ಹಿಸುಕುತ್ತ ಕೂತಿದ್ದಾಗ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವರ ಕೈ ನಿಂತಿತು. ಹಾಗಾದರೆ ಅಮ್ಮ ನಿಂತಿದ್ದ ಹೊಸ್ತಿಲು ಅದಲ್ಲವೇ ಎಂದು ಕೇಳಿದರು. ಅಲ್ಲ ಎಂದೆ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಎದ್ದು ಕೈ ತೊಳೆದು, ಬೀರುವಿನಿಂದ ಆ ರವಿಕೆಕಣವನ್ನೂ ಹಾಗೇ ಇಟ್ಟಿದ್ದ ತೆಂಗಿನಕಾಯನ್ನೂ ತೆಗೆದರು.

"ಆ ಮನೆ ಹೆಣ್ಣುಮಗಳ ಪಾಲು ನಾನು ತಂದ್ಬಿಟ್ಟಿದೀನಿ ಕಣೋ. ನಡಿ, ಕೊಟ್ಟು ಬರೋಣ."

ದಾರಿಯುದ್ದಕ್ಕೂ ಅವರು ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಗಿರಿಜಮ್ಮನ ಹಜಾರದಲ್ಲಿ ಕುರ್ಚಿಯ ತುದಿಗೆ, ಹೊರಗಿನವರು ಕೂರುವಂತೆ ಕೂತು, ನಮ್ಮಿಂದ ತಪ್ಪಾಯಿತು, ಅಕ್ಕಿಯನ್ನು ಮಾತ್ರ ಉಂಡುಬಿಟ್ಟೆವು ಎಂದು ಒಪ್ಪಿಸಿದರು. ನಾನು ಗೋಡೆಯ ಗೂಡನ್ನೇ ನೋಡುತ್ತಿದ್ದೆ. ಗಿರಿಜಮ್ಮ ರವಿಕೆಕಣವನ್ನು ಕೈಗೆತ್ತಿಕೊಂಡು, ಮಡಿಕೆ ಸರಿಮಾಡಿ, ಮತ್ತೆ ಚಿಕ್ಕಮ್ಮನ ಮಡಿಲಲ್ಲೇ ಇಟ್ಟರು.

"ನಾ ಉಡಿ ತುಂಬಿದ್ದು ನಿಮಗ್ರೀ ಅವ್ವಾ, ಈ ಗ್ವಾಡಿಗಲ್ಲ. ಉಡಿಗೆ ಹಾಕಿದ್ದನ್ನ ಯಾರರ ತಿರುಗಿ ಇಸ್ಕೋತಾರೇನು?"

ಕಾಫಿ ಮಾಡಿ ತರುತ್ತೇನೆಂದು ಅವರು ಏಳುವಷ್ಟರಲ್ಲಿ ಚಿಕ್ಕಮ್ಮ ಅವರ ಭುಜ ಒತ್ತಿ ಕೂರಿಸಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರನ್ನೂ ಕೇಳದೆ ಅಡುಗೆಮನೆಗೆ ನಡೆದರು. ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು ಹಜಾರಕ್ಕೆ ಕೇಳಿಸಿತು. ಒಳಗಿನಿಂದ ಅವರ ದನಿ, ಚಂದ್ರಾ ಲೇಔಟಿನ ಸ್ವಂತ ಮನೆಯಲ್ಲೂ ನಾನೆಂದೂ ಕೇಳದಷ್ಟು ಸಲೀಸಾಗಿ ಕೂಗಿತು:

"ಗಿರಿಜಾ, ಕಾಫಿಪುಡಿ ಎಲ್ಲಿಟ್ಟಿದೀಯೇ?"