ಆ ಕ್ರಿಸ್ಮಸ್ಸಿಗೆ ದಾನಿಯೇಲಪ್ಪನವರು ಹೇಳಿದ ಮಾತು

ನಮ್ಮ ಮನೆಯವರು ದಾನಿಯೇಲಪ್ಪ. ಪೀಣ್ಯದ ಒಂದು ಶೆಡ್ಡಿನಲ್ಲಿ ಏಳು ವರ್ಷ ತಗಡು ಒತ್ತುವ ಪ್ರೆಸ್ ಮಿಷನ್ನಿನ ಮುಂದೆ ನಿಂತವರು. ಮಾತು ಕಡಿಮೆ. ಕೆಲಸದಿಂದ ಬಂದರೆ ಸೀಗೆಪುಡಿ ಹಾಕಿ ಮೂರು ಸಲ ಕೈ ತೊಳೆಯುತ್ತಿದ್ದರು. ಎಣ್ಣೆಗೈಯಲ್ಲಿ ಮಗಳನ್ನು ಮುಟ್ಟುತ್ತಿರಲಿಲ್ಲ. ದಾಸರಹಳ್ಳಿಯಲ್ಲಿ ಹನುಮಂತರಾಯಪ್ಪನವರ ವಠಾರದಲ್ಲಿ ನಮಗೆ ಎರಡು ಕೋಣೆ. ನಾವಿಬ್ಬರು, ಮಗಳು ಸುಗುಣ, ಅತ್ತೆ ಸಾರಮ್ಮ.

ಆ ಪ್ರೆಸ್ಸಿಗೆ ಇಬ್ಬರು ಆಳು ಬೇಕು. ಒಬ್ಬ ತಗಡು ಇಟ್ಟು, ಕೈ ಹಿಂದಕ್ಕೆ ತೆಗೆದು, ತಲೆ ಆಡಿಸಬೇಕು. ಆಮೇಲೆ ಇನ್ನೊಬ್ಬ ಕಾಲಿನಿಂದ ಪೆಡಲ್ ತುಳಿದು ಅಚ್ಚನ್ನು ಇಳಿಸಬೇಕು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ತಲೆ ಆಡಿಸಿದ್ದೇ ಮಾತು. ನಮ್ಮವರು ತಗಡು ಇಡುತ್ತಿದ್ದರು, ಮಾಕಳಿಯ ಆಂಜಿನಪ್ಪ ತುಳಿಯುತ್ತಿದ್ದ. ನಾಲ್ಕು ವರ್ಷದ ಜೋಡಿ. ಪ್ರತಿ ಕ್ರಿಸ್ಮಸ್ಸಿಗೂ ಆಂಜಿನಪ್ಪ, ಅವನ ಹೆಂಡತಿ ಮಾರಕ್ಕ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು.

ಎಪ್ಪತ್ತೆಂಟನೇ ಇಸವಿ ಮಾರ್ಚ್ ಹದಿನಾಲ್ಕು, ಮಂಗಳವಾರ, ಊಟದ ಗಂಟೆಗೆ ಇನ್ನೂ ಕಾಲು ಗಂಟೆ ಇರುವಾಗ ಪ್ರೆಸ್ಸಿಗೆ ಸಿಕ್ಕಿ ನಮ್ಮವರ ಬಲಗೈಯ ಮೂರು ಬೆರಳು ಹೋದವು. ಎರಡನೇ ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ನನಗೆ ನಿಜ ಹೇಳಿದರು. ತಲೆ ಆಡಿಸಿದ್ದರು. ಆಡಿಸಿದ ಮೇಲೆ ತಗಡು ಒಂದು ಕಡೆ ಸೊಟ್ಟಗಿದ್ದದ್ದು ಕಂಡು, ಸರಿ ಮಾಡಲು ಮತ್ತೆ ಕೈ ಹಾಕಿದ್ದರು. ಆಂಜಿನಪ್ಪನದು ಏನೂ ತಪ್ಪಿರಲಿಲ್ಲ.

ಕೈಯೂ ಹೋಗಿ ತಪ್ಪೂ ತನ್ನದೇ ಆದವನನ್ನು ಗೇಟು ಕಾಯಲೂ ಇಟ್ಟುಕೊಳ್ಳುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಯಾರೋ ನನ್ನ ಕಿವಿಗೆ ಹಾಕಿದ್ದರು. ನಾನು ನಮ್ಮವರಿಗೆ, ‘ಆಂಜಿನಪ್ಪ ಮೊದಲೇ ತುಳಿದ ಅಂತ ಹೇಳಿಬಿಡಿ’ ಎಂದೆ. ಮರುದಿನ ಆಫೀಸಿನವರು ಬಂದು ಕೇಳಿದಾಗ ಅವರು ಹಾಗೆಯೇ ಹೇಳಿ, ಎಡಗೈ ಹೆಬ್ಬೆಟ್ಟು ಒತ್ತಿದರು. ಮುಂದಿನ ವಾರ ಆಂಜಿನಪ್ಪನನ್ನು ಕೆಲಸದಿಂದ ತೆಗೆದರು. ಅವನು ಒಂದು ಮಾತೂ ಎದುರಾಡಲಿಲ್ಲವಂತೆ. ಜೂನ್ ತಿಂಗಳಲ್ಲಿ ನಮ್ಮವರಿಗೆ ಗೇಟಿನ ಕೆಲಸ ಕೊಟ್ಟರು. ಅಲ್ಲಿಂದ ಡಿಸೆಂಬರಿನ ತನಕ ನಮ್ಮಿಬ್ಬರ ನಡುವೆ ಆ ಮಾತು ಬರಲಿಲ್ಲ. ಅವರಿಗೆ ಊಟ ಸೇರುತ್ತಿರಲಿಲ್ಲ, ನಾನು ನೋಡುತ್ತಿದ್ದೆ.

ಕ್ರಿಸ್ಮಸ್ ಸೋಮವಾರ ಬಂತು. ಆರಾಧನೆ ಮುಗಿಸಿ ಮನೆಗೆ ಬಂದಾಗ ಹನ್ನೊಂದೂವರೆ. ನಮ್ಮ ಅತ್ತೆಯದೊಂದು ಕಟ್ಟಳೆ: ಬಡಿಸುವ ಮೊದಲು ಎಲ್ಲರೂ ಚಾಪೆಯ ಮೇಲೆ ಕೂತು, ಮುಗಿಯುತ್ತಿರುವ ವರ್ಷದ ಬಗ್ಗೆ ದೇವರ ಮುಂದೆ ಒಂದೊಂದು ಸಾಕ್ಷಿ ಹೇಳಬೇಕು, ಸ್ತೋತ್ರವೋ ತಪ್ಪೊಪ್ಪಿಗೆಯೋ. ಚಿಕ್ಕವರಿಂದ ಶುರು, ಕೊನೆಗೆ ಅವರು.

ಸುಗುಣ ಅಡುಗೆಕೋಣೆಯ ಕಡೆ ನೋಡುತ್ತಾ, “ಅಜ್ಜಿ, ಕೋಳಿಸಾರು ತಣ್ಣಗಾಗುತ್ತೆ” ಎಂದಳು.

“ಆಗ್ಲಿ ಬಿಡೇ. ದೇವ್ರ ಮುಂದೆ ನಾಲಿಗೆ ತಣ್ಣಗಾಗ್ಬಾರ್ದು. ಹೇಳು.”

“ಅಪ್ಪಂಗೆ ಎರಡು ಬೆರಳು ಉಳಿಸಿದ್ದಕ್ಕೆ ಸ್ತೋತ್ರ. ಹದಿನಾರರ ತನಕ ಮಗ್ಗಿ ಬಂತು, ಅದಕ್ಕೂ ಸ್ತೋತ್ರ.”

“ಹದ್ನೇಳಕ್ಕೆ ಮುಂದಿನ ವರ್ಷ ಮಾಡೋವಂತೆ” ಎಂದರು ಅತ್ತೆ.

ನನ್ನ ಸರದಿ. ಗೇಟಿನ ಕೆಲಸ ಕೊಡಿಸಿದ ದೇವರಿಗೆ ಸ್ತೋತ್ರ ಎಂದೆ. ಬೇರೆ ಏನೂ ಹೇಳಲಿಲ್ಲ.

ಮುಂದೆ ನಮ್ಮವರ ಸರದಿ. ಅವರು ತಾಯಿಯ ಕಡೆ ತಿರುಗಿ, “ಅಮ್ಮ, ಈ ವರ್ಷ ನಾನು ಸುಳ್ಳು ಹೇಳ್ದೆ. ತಲೆ ಆಡಿಸಿ, ಮತ್ತೆ ಕೈ ಹಾಕ್ದೋನು ನಾನು. ಆಂಜಿನಪ್ಪನ ಮೇಲೆ ಹಾಕ್ಬಿಟ್ಟೆ. ಅವನ ಕೆಲಸ ಹೋಯ್ತು” ಎಂದರು.

ಅತ್ತೆ ಕೇಳಿದರು: “ಇದು ಇನ್ಯಾರ್ಗಾದ್ರೂ ಗೊತ್ತಾ?”

“ಇಲ್ಲಮ್ಮ. ನಾನೊಬ್ಬನೇ.”

ನನ್ನ ಕಡೆ ಅವರು ನೋಡಲಿಲ್ಲ.

ಅತ್ತೆ ಗೋಡೆ ಹಿಡಿದು ಎದ್ದರು. “ನನ್ನ ಸಾಕ್ಷಿ ಆಮೇಲೆ ಆಗ್ಲಿ. ನೀನು ಮೊದ್ಲು ಮಾಕಳಿಗೆ ಹೋಗ್ಬಾ. ಊಟ ಮುಚ್ಚಿಡ್ತೀನಿ. ಮಗೂಗೆ ಮಾತ್ರ ಬಡಿಸ್ತೀನಿ.”

ನಾನೂ ಜೊತೆಗೆ ಹೊರಟೆ. ತುಮಕೂರು ರಸ್ತೆಯಲ್ಲಿ ಬಸ್ಸಿಗೆ ಮುಕ್ಕಾಲು ಗಂಟೆ ನಿಂತೆವು. ಮಾಕಳಿಯಲ್ಲಿ ಮಾರಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಆಂಜಿನಪ್ಪ ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ. ನಮ್ಮನ್ನು ಕಂಡು ದಡಕ್ಕನೆ ಎದ್ದು ನಿಂತ.

“ಬಾ ಅಣ್ಣ. ಅಬ್ಬದ ದಿನ ಮನೆ ಬಿಟ್ಟು ಬಂದೀಯ. ಕೈ ಎಂಗೈತೆ?”

ನಮ್ಮವರು ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು.

ಆಂಜಿನಪ್ಪ ತನ್ನ ಕಾಲನ್ನೇ ನೋಡಿಕೊಂಡು ನಿಂತಿದ್ದ. “ಇನ್ನೊಂದ್ಸಲ ಯೋಳಣ್ಣ” ಎಂದ. ಇವರು ಇನ್ನೊಂದು ಸಲ ಹೇಳಿದರು. “ಮಾರೀ, ಕೇಳಿಸ್ಕಂಡೇನೆ?” ಎಂದು ಹೆಂಡತಿಯನ್ನು ಕೇಳಿದ. ಆಮೇಲೆ ಜಗಲಿಯ ಮೇಲೆ ಕೂತ.

“ಒಂಬತ್ ತಿಂಗ್ಳು ಕಣಣ್ಣ. ನನ್ ಕಾಲೇ ಮುಂದಾಯ್ತು ಅಂತ ನಾನೇ ನಂಬ್ಬಿಟ್ಟಿದ್ದೆ. ಸೈಕಲ್ ತುಳಿಯಾಕೂ ಎದ್ರಿಕೆ ಆಗ್ತಿತ್ತು. ನೀನು ತಲೆ ಆಡಿಸಿದ್ದು ನನ್ ಕಣ್ಣಾಗೇ ಇತ್ತು. ದಾನಿಯೇಲಣ್ಣ ಸುಳ್ಳು ಯೋಳ್ತಾನಾ, ನನ್ ಕಣ್ಣೇ ಸರಿ ಇಲ್ಲ ಅನ್ಕಂಡೆ.”

ಮಾರಕ್ಕ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಅಕ್ಕಾ, ನಿಂಗೂ ಗೊತ್ತಿರ್ನಿಲ್ವಾ?”

“ಅವಳಿಗೇನೂ...” ಎಂದು ನಮ್ಮವರು ಬಾಯಿ ತೆರೆದರು.

“ಗೊತ್ತಿತ್ತು ಮಾರಕ್ಕ” ಎಂದೆ ನಾನು. “ಹಂಗೆ ಹೇಳಿ ಅಂದೋಳೇ ನಾನು.”

ಅವಳು ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಆಂಜಿನಪ್ಪ ರಸ್ತೆಯ ತನಕ ಬಂದ. “ಊಟಕ್ಕೆ ಕರೀಬ್ಯಾಡ ಅಣ್ಣ. ಈವತ್ತು ಆಗಾಕಿಲ್ಲ. ನಾಳೆ ಆಫೀಸ್ ತಾವ ಬತ್ತೀನಿ. ಅಲ್ಲೂ ಇದ್ನೇ ಯೋಳ್ಬೇಕು.”

“ಹೇಳ್ತೀನಿ” ಎಂದರು ನಮ್ಮವರು.

ಬಸ್ಸಿನಲ್ಲಿ ನಾನು ಕೇಳಿದೆ, ಅತ್ತೆಯ ಮುಂದೆ ನನ್ನ ಹೆಸರು ಯಾಕೆ ತೆಗೆಯಲಿಲ್ಲ ಎಂದು.

“ನನ್ನ ಸಾಕ್ಷಿ ನಾನು ಹೇಳ್ದೆ. ನಿನ್ನದನ್ನ ನಾನ್ಯಾಕೆ ಹೇಳ್ಲಿ” ಎಂದರು.

ಮನೆಗೆ ಬಂದಾಗ ನಾಲ್ಕು ಗಂಟೆ ಮೀರಿತ್ತು. ಅತ್ತೆ ಉಪವಾಸವಿದ್ದರು. ನಾನು ಮತ್ತೆ ಚಾಪೆಯ ಮೇಲೆ ಕೂತು, ಬೆಳಿಗ್ಗೆ ಹೇಳಿದ್ದನ್ನು ಬಿಟ್ಟು, ಮಾರ್ಚ್ ತಿಂಗಳಿಂದ ಆದದ್ದನ್ನೆಲ್ಲ ಹೇಳಿದೆ. ಅತ್ತೆ ತಮ್ಮ ಸಾಕ್ಷಿಯನ್ನು ಮನಸ್ಸಿನಲ್ಲೇ ಹೇಳಿಕೊಂಡು, ಆಮೆನ್ ಎಂದು, ಸಾರು ಬಿಸಿ ಮಾಡಲು ಎದ್ದರು.

ಮಂಗಳವಾರ ಆಫೀಸಿನಲ್ಲಿ ಅವರು ಹೇಳಬೇಕಾದ್ದನ್ನು ಹೇಳಿದರು. ಜನವರಿಯಲ್ಲಿ ಆಂಜಿನಪ್ಪನನ್ನು ಮತ್ತೆ ಸೇರಿಸಿಕೊಂಡು ಬೇರೆ ಮಿಷನ್ನಿಗೆ ಹಾಕಿದರು. ಅದೇ ತಿಂಗಳು ಗೇಟಿಗೆ ಬೇರೆಯವರು ಬಂದರು. ನಮ್ಮವರು ಜಾಲಹಳ್ಳಿ ಕ್ರಾಸಿನಲ್ಲಿ ತಳ್ಳುಗಾಡಿ ಇಟ್ಟು, ಎಡಗೈಯಲ್ಲಿ ತಕ್ಕಡಿ ಹಿಡಿದು ತರಕಾರಿ ಮಾರಿದರು. ಎಂಬತ್ತಾರರಲ್ಲಿ ತೀರಿಕೊಳ್ಳುವ ತನಕ ಅದೇ ಕೆಲಸ. ಊಟ ಮಾತ್ರ ಮೊದಲಿನಂತೆ ಮಾಡುತ್ತಿದ್ದರು.

ಆಂಜಿನಪ್ಪ ಆಗಾಗ ಗಾಡಿಯ ಹತ್ತಿರ ನಿಂತು ಮಾತಾಡಿಸಿ ಹೋಗುತ್ತಿದ್ದ. ಮಾರಕ್ಕ ಬರುತ್ತಿರಲಿಲ್ಲ. ಎಂಬತ್ತೊಂದರ ಆಗಸ್ಟಿನಲ್ಲಿ ಒಂದು ದಿನ ಬಂದು, ಎರಡು ಕಟ್ಟು ಕೊತ್ತಂಬರಿ ತೆಗೆದುಕೊಂಡು, “ಅಕ್ಕ ಎಂಗವ್ಳೆ?” ಎಂದು ಕೇಳಿದಳಂತೆ. ಅವತ್ತು ಸಂಜೆ ನಮ್ಮವರು ಗಾಡಿಯನ್ನು ವಠಾರದ ಬಾಗಿಲಲ್ಲಿ ನಿಲ್ಲಿಸುವ ಮೊದಲೇ ಅದನ್ನು ನನಗೆ ಹೇಳಿದರು.