ಪ್ರೂಫಪ್ಪ ಅಳಿಸಿದ ತಟ್ಟೆ

ಪ್ರೂಫಪ್ಪನವರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಆದರೆ ಪ್ರೆಸ್ಸಿನಲ್ಲಿ ಅದು ಸಂಬಳದ ಪಟ್ಟಿಯಿಂದಾಚೆ ಬಂದದ್ದೇ ಇಲ್ಲ. ಅಚ್ಚಿಗೆ ಹೋಗುವ ಪ್ರತಿ ಪುಟವನ್ನೂ ಮೂವತ್ತೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದವರು ಅವರು. ಮದುವೆ ಕಾಗದ ಕೈಗಿತ್ತರೆ ಮೊದಲು ತಿದ್ದಿ, ಆಮೇಲೆ ಯಾರ ಮದುವೆ ಎಂದು ಕೇಳುವ ಪೈಕಿ. ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಎಡಗಾಲು ಕುಂಟುವವನು ಏಳನೆಯದರಲ್ಲಿ ಬಲಗಾಲು ಕುಂಟಿದರೆ, ಲೇಖಕರನ್ನು ಕೇಳದೆಯೇ ಕಾಲು ಸರಿಪಡಿಸುತ್ತಿದ್ದರು. ಲೇಖಕರೂ ಸದ್ಯ ಬದುಕಿದೆವು ಎಂದು ಸುಮ್ಮನಾಗುತ್ತಿದ್ದರು.

ಈಚೆಗೆ ಮಾತ್ರ ಅವರ ಬಲಗಣ್ಣಿಗೆ ಮಂಜು ಕವಿದಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಕಣ್ಣು ಹೋಯಿತೆಂದರೆ ಕುರ್ಚಿ ಹೋಯಿತು, ಕುರ್ಚಿ ಹೋದ ಮೇಲೆ ತಾನು ಯಾರು ಎಂಬುದೇ ಅವರ ಭಯ. ಮನೆಯಲ್ಲಿ ಬಲ್ಬು ಮಂಕಾಗಿದೆ ಎಂದರು, ಎಂದಾಗಲೆಲ್ಲ ಹೆಂಡತಿ ಹೊಸದು ತಂದು ಹಾಕಿದರು. ಪ್ರೆಸ್ಸಿನಲ್ಲಿ ಮಸಿ ತೆಳು ಎಂದರು, ಕಾಗದ ಕಳಪೆ ಎಂದರು. ಯಾರೂ ಕೇಳದಿದ್ದರೂ, ‘ನನ್ನ ಕಣ್ಣಿಗೇನಪ್ಪಾ, ಕಲ್ಲಿನ ಹಾಗಿದೆ’ ಎಂದು ದಿನಕ್ಕೆರಡು ಸಲ ಹೇಳಿಕೊಳ್ಳುತ್ತಿದ್ದರು.

ಅಂಥ ಹೊತ್ತಿನಲ್ಲಿ ಬಂದದ್ದು ಟೀಚರಮ್ಮನವರ ಪುಸ್ತಕ. ಪಾಠ ಹೇಳುವುದರಿಂದ ನಿವೃತ್ತರಾದ ಮೇಲೆ ಅವರು ಪರದೇಶದ ಹಳೇ ಭಯದ ಕಥೆಗಳನ್ನು ಅನುವಾದಿಸಿದ್ದರು. ಅದರಲ್ಲೊಂದು, ಪಾಳು ಬಂಗಲೆಯ ಕಾವಲುಗಾರ ತಾನೇ ಹೇಳುವ ಕಥೆ. ಅಣ್ಣ ಊರು ಬಿಟ್ಟು ಹೋದ, ನಾನೀಗ ಒಬ್ಬನೇ, ನಾನು ಸುಳ್ಳು ಹೇಳುವವನಲ್ಲ ಎನ್ನುತ್ತಾನೆ ಅವನು. ಮುಂದಿನ ಪುಟದಲ್ಲೇ ಊಟಕ್ಕೆ ಎರಡು ತಟ್ಟೆ ಇಡುತ್ತಾನೆ. ಪ್ರೂಫಪ್ಪನವರು ‘ಎರಡು’ ಹೊಡೆದು ‘ಒಂದು’ ಮಾಡಿದರು. ‘ಗೋಡೆ ಉಸಿರು ಬಿಗಿಹಿಡಿದು ನಿಂತಿತ್ತು’ ಎಂಬ ಸಾಲಿನ ಪಕ್ಕ, ‘ಗೋಡೆ ಉಸಿರಾಡುವುದಿಲ್ಲ. ನಿಂತಿತ್ತು ಎಂದರೆ ಸಾಕು’ ಎಂದು ಬರೆದರು.

ಟೀಚರಮ್ಮ ಆ ಪುಟ ಹಿಡಿದುಕೊಂಡೇ ಪ್ರೆಸ್ಸಿಗೆ ಬಂದರು.

“ನನ್ನ ಇನ್ನೊಂದು ತಟ್ಟೆ ಎಲ್ಲಿ ಸ್ವಾಮಿ?”

“ಅಣ್ಣ ಊರಲ್ಲೇ ಇಲ್ವಲ್ಲಮ್ಮ. ಯಾರಿಗೆ ಬಡಿಸ್ತಾನೆ?”

“ಅಣ್ಣ ಎಲ್ಲಿಗೂ ಹೋಗಿಲ್ಲ. ಬೀಗ ಹಾಕಿದ ಕೋಣೇಲಿ ಸತ್ತು ಬಿದ್ದಿದ್ದಾನೆ. ಕೊಂದಿರೋನೇ ಕಥೆ ಹೇಳ್ತಿರೋದು.”

ಕಥೆ ಹೇಳುವವನೇ ಸುಳ್ಳು ಹೇಳಬಹುದೆಂದು ಪ್ರೂಫಪ್ಪನವರಿಗೆ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. “ಹಾಗಂತ ಎಲ್ಲೂ ಬರೆದಿಲ್ವಲ್ಲಮ್ಮ,” ಎಂದರು.

“ಬರೀತಿರೋನು ಅವನೇ ಅಲ್ವಾ, ಹೇಗೆ ಬರೀತಾನೆ? ಬಾಯಿ ಮುಚ್ಚಿಟ್ರೂ ಕೈ ರೂಢಿ ಬಿಡಲ್ಲ, ಎರಡು ತಟ್ಟೆ ಇಡುತ್ತೆ. ಉಸಿರು ಬಿಗಿ ಹಿಡಿದಿರೋದು ಅವನು. ಅದನ್ನ ತಗೊಂಡು ಗೋಡೆ ಮೇಲೆ ಹಾಕ್ತಾನೆ. ಯಾರೂ ಕೇಳದೇನೇ ನಾನು ಸುಳ್ಳು ಹೇಳಲ್ಲ, ಹೇಳಲ್ಲ ಅಂತಾನಲ್ಲ, ಅಲ್ಲೇ ಸಿಕ್ಕಿಬೀಳೋದು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಪ್ರೂಫಪ್ಪನವರ ಕೈ ತಾನಾಗಿಯೇ ಕನ್ನಡಕಕ್ಕೆ ಹೋಯಿತು.

ಆದರೂ ಸಂಜೆ ಮನೆಗೆ ಬಂದವರು ಆ ಕಥೆಯನ್ನು ತಾವೇ ಕಂಡುಹಿಡಿದವರ ಗತ್ತಿನಲ್ಲಿ ಹೆಂಡತಿಗೆ ಹೇಳಿದರು. ಆಕೆ ಬಟಾಣಿ ಸುಲಿಯುತ್ತಾ ಕೊನೆಯವರೆಗೂ ಕೇಳಿದರು.

“ತನ್ನ ಭಯಾನ ಗೋಡೆ ಮೇಲೆ ಹಾಕ್ತಾನೆ ಕಣೇ, ಹಾಗೇ ಹಿಡಿಯೋದು ಅವನನ್ನ.”

“ಬಲ್ಬಿನ ಮೇಲೂ ಹಾಕ್ತಾರೇನ್ರೀ?”

ಪ್ರೂಫಪ್ಪನವರು ತಲೆಯೆತ್ತಿ ಬಲ್ಬಿನ ಕಡೆ ನೋಡಿದರು. ಹೆಂಡತಿ ಎದ್ದು ಒಳಗಿನಿಂದ ರಟ್ಟಿನ ಡಬ್ಬವೊಂದನ್ನು ತಂದು ಮುಂದಿಟ್ಟರು. ಅದರಲ್ಲಿ ನಾಲ್ಕು ಬಲ್ಬುಗಳಿದ್ದವು.

“ನೀವು ಮಂಕು ಅಂದಿದ್ದಕ್ಕೆ ಬಿಚ್ಚಿದ್ದು. ಒಂದೂ ಕೆಟ್ಟಿಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ.”

“ಬಲಗಣ್ಣು ಕಾಣಲ್ಲ ಕಣೇ,” ಎಂದರು ಪ್ರೂಫಪ್ಪ. “ಎಂಟು ತಿಂಗಳಾಯ್ತು.”

“ಹನ್ನೊಂದು.”

“ಗೊತ್ತಿದ್ದೂ ಯಾಕೆ ಬಲ್ಬ್ ತರ್ತಿದ್ದೆ?”

ಹೆಂಡತಿ ಮತ್ತೆ ಬಟಾಣಿಗೆ ಕೈ ಹಾಕಿದರು. “ಕೆಲಸ ಬಿಟ್ಟು ಕೂತ್ರೆ ನೀವು ಏನಾಗಿಬಿಡ್ತೀರೋ ಅಂತ ನನಗೂ ಭಯ ಇತ್ತು. ಬಲ್ಬ್ ಬದಲಾಯಿಸೋದು ಸುಲಭ ಅನ್ನಿಸ್ತು.”

ಆ ಮಾತು ಕೇಳಿ ಪ್ರೂಫಪ್ಪನವರಿಗೆ ನಾಚಿಕೆಯೂ ಆಯಿತು, ಎದೆ ಹಗುರವೂ ಆಯಿತು. ಮಾರನೇ ಬೆಳಿಗ್ಗೆ ಯಜಮಾನರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಜಮಾನರು ಗೋಡೆಯ ಕಡೆ ನೋಡಿ, “ಓ, ಅದಕ್ಕೇನಾ ನಮ್ಮ ಕ್ಯಾಲೆಂಡರಿನಲ್ಲಿ ಎರಡು ಹದಿನೇಳನೇ ತಾರೀಕು ಬಂದಿರೋದು,” ಎಂದರು. ಆಮೇಲೆ, “ಕಣ್ಣು ತೋರಿಸ್ಕೊಂಡು ಬನ್ನಿ. ಕುರ್ಚಿ ಎಲ್ಲಿಗೂ ಹೋಗಲ್ಲ,” ಎಂದೂ ಹೇಳಿದರು.

ವೈದ್ಯರು ನೋಡಿ, ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು. ಹನ್ನೊಂದು ತಿಂಗಳು ಹೊತ್ತು ತಿರುಗಿದ ಭಯ ಅಷ್ಟಕ್ಕೇ ಮುಗಿಯಿತು. ಟೀಚರಮ್ಮ ಪುಸ್ತಕವನ್ನು ಅವರಿಗಾಗಿ ಆರು ವಾರ ತಡೆಹಿಡಿದರು.

ವಾಪಸು ಬಂದು ಕುರ್ಚಿಯಲ್ಲಿ ಕೂತ ದಿನ ಪ್ರೂಫಪ್ಪನವರು ಮೊದಲು ತೆಗೆದದ್ದು ಕಾವಲುಗಾರನ ಪುಟವನ್ನು. ‘ಒಂದು’ ಹೊಡೆದು ‘ಎರಡು’ ಎಂದು ಬರೆದರು. ಗೋಡೆಯ ಸಾಲಿನ ಪಕ್ಕ ತಾವು ಬರೆದಿದ್ದ ಟಿಪ್ಪಣಿಯನ್ನು ಅಡ್ಡಗೀಟು ಎಳೆದು ಅಳಿಸಿ, ಅದರ ಕೆಳಗೆ ದುಂಡಗೆ ಬರೆದರು: ‘ಉಸಿರಾಡುತ್ತದೆ. ಇದ್ದ ಹಾಗೇ ಇರಲಿ.’